ಎಂಜಿನ್ನಿಗೆ ಉಪಚಾರ ಬೇಡ, ಲೆಕ್ಕ ಬೇಕು

ಏಪ್ರಿಲ್ ಕಳೆಯುತ್ತ ಬಂದಂತೆ ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಊರಿಗೆ ಹೊರಡುವ ಸಿದ್ಧತೆ ಮೊದಲಾಗುತ್ತದೆ. ರೈಲಿನಲ್ಲಿ ಜಾಗ ಸಿಗದವರು, ಸಿಕ್ಕಿದರೂ ಊರು ಸೇರಿದ ಮೇಲೆ ಮದುವೆ, ಮುಂಜಿ, ಗೃಹಪ್ರವೇಶ ಎಂದು ನಾಲ್ಕು ದಿಕ್ಕಿಗೆ ಓಡಾಡಬೇಕಾದವರು ತಮ್ಮ ಹಳೆಯ ಕಾರನ್ನೇ ನೆಚ್ಚುತ್ತಾರೆ. ಉಡುಪಿ, ಮಂಗಳೂರಿನ ಕಡೆಯವರಿಗೆ ಸುಮಾರು ಒಂಬೈನೂರು ಕಿಲೋಮೀಟರ್ ದಾರಿ. ಹುಬ್ಬಳ್ಳಿ, ಧಾರವಾಡದವರಿಗೂ ಐನೂರರ ಮೇಲೆಯೇ. ಆದ್ದರಿಂದ ಹೊರಡುವ ಮುನ್ನ ಕಾರನ್ನು ಗ್ಯಾರೇಜಿಗೆ ಒಯ್ದು ನಿಲ್ಲಿಸಿ ನಾವು ತಪ್ಪದೆ ಹೇಳುವ ಮಾತೊಂದಿದೆ: “ದೂರದ ಪ್ರಯಾಣ. ಎಣ್ಣೆ ಸ್ವಲ್ಪ ಹೆಚ್ಚಿಗೇ ಹಾಕಿ.”

ಈ “ಸ್ವಲ್ಪ ಹೆಚ್ಚಿಗೇ” ಎಂಬ ಎರಡು ಶಬ್ದಗಳ ವಿರುದ್ಧವಾಗಿಯೇ ನನ್ನ ಈ ಬರಹ. ಹೆಚ್ಚು ಎಣ್ಣೆ ಎಂಜಿನ್ನಿಗೆ ಮಾಡುವ ಉಪಚಾರವಲ್ಲ, ಅಪಚಾರ. ಹೀಗೆ ಸುರಿದ ಎಣ್ಣೆ ಸೋರತೊಡಗಿದಾಗ “ಹಳೆಯ ಗಾಡಿ, ಸೋರದೆ ಇರುತ್ತದೆಯೇ?” ಎಂದು ಸಮಾಧಾನ ಹೇಳಿಕೊಳ್ಳುವುದಂತೂ ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪು. ಈ ಎರಡು ನಂಬಿಕೆಗಳು ಸೇರಿ ಮಧ್ಯಮ ವರ್ಗದವರ ಜೇಬಿಗೆ ಹಾಕುತ್ತಿರುವ ಕತ್ತರಿ ಸಣ್ಣದಲ್ಲ.

ನಾನು ಮೆಕ್ಯಾನಿಕ್ ಅಲ್ಲ. ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತ. ಬಿ.ಎಸ್ಸಿ. ಓದಿದ್ದರಿಂದ ಬಂದ ಒಂದು ಚಪಲ ಮಾತ್ರ ಉಳಿದಿದೆ: ಯಾರಾದರೂ “ಹೆಚ್ಚು”, “ಕಡಿಮೆ” ಎಂದರೆ “ಎಷ್ಟು?” ಎಂದು ಕೇಳುವುದು. ಎಂಜಿನ್ ಎಣ್ಣೆಯ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಲು ಎಲ್ಲಿಗೂ ಹೋಗಬೇಕಾಗಿಲ್ಲ. ಕಾರು ತಯಾರಿಸಿದವರೇ ಆ ಉತ್ತರವನ್ನು ಒಂದು ಕಬ್ಬಿಣದ ಕಡ್ಡಿಯ ಮೇಲೆ ಎರಡು ಗೆರೆಗಳಾಗಿ ಕೊರೆದು ಕೊಟ್ಟಿದ್ದಾರೆ. ಅದೇ ಡಿಪ್‌ಸ್ಟಿಕ್. ಕೆಳಗಿನ ಗೆರೆಗಿಂತ ಇಳಿಯಬಾರದು, ಮೇಲಿನ ಗೆರೆಯನ್ನು ದಾಟಬಾರದು. ಕೆಳಗಿನ ಗೆರೆಯ ವಿಷಯದಲ್ಲಿ ನಮಗೆಲ್ಲರಿಗೂ ಭಯಭಕ್ತಿ ಇದೆ. ಮೇಲಿನ ಗೆರೆಯನ್ನು ಮಾತ್ರ ಯಾರೂ ಲೆಕ್ಕಕ್ಕೆ ಇಡುವುದಿಲ್ಲ.

ದೀಪದ ಎಣ್ಣೆಯಲ್ಲ, ಎಂಜಿನ್ನಿನ ಎಣ್ಣೆ

ಇದಕ್ಕೆ ಕಾರಣ ನಮ್ಮ ಮನೆಗಳಲ್ಲೇ ಇದೆ ಎಂದು ನನಗನಿಸುತ್ತದೆ. ದೇವರ ಮುಂದಿನ ದೀಪಕ್ಕೆ ಎಣ್ಣೆ ತುಂಬ ಹಾಕಿದರೆ ಹೆಚ್ಚು ಹೊತ್ತು ಉರಿಯುತ್ತದೆ. ಮಗುವಿನ ನೆತ್ತಿಗೆ ಎಣ್ಣೆ ಧಾರಾಳವಾಗಿ ಒತ್ತಿದರೆ ಅಜ್ಜಿಗೆ ಸಂತೋಷ. ಉಪ್ಪಿನಕಾಯಿಯ ಮೇಲೆ ಎಣ್ಣೆ ನಿಂತಿದ್ದರೆ ಕೆಡುವುದಿಲ್ಲ. ಹೀಗೆ ಎಣ್ಣೆಯೆಂದರೆ ಸಮೃದ್ಧಿ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಎಂಜಿನ್ನಿನ ಎಣ್ಣೆ ಉರಿಯುವುದಕ್ಕೆ ಇರುವುದಲ್ಲ, ಮುಳುಗಿಸುವುದಕ್ಕೂ ಇರುವುದಲ್ಲ. ಅದು ಸುತ್ತಾಡಿ ಮರಳಿ ಬರುವುದಕ್ಕೆ ಇರುವುದು.

ಎಂಜಿನ್ನಿನ ತಳದಲ್ಲಿ ಒಂದು ತೊಟ್ಟಿ ಇದೆ. ನಮ್ಮ ಮಿಸ್ತ್ರಿಗಳು ಇದನ್ನು ಚೇಂಬರ್ ಎನ್ನುತ್ತಾರೆ. ಎಣ್ಣೆ ಇರುವುದು ಅಲ್ಲಿ. ಪಂಪು ಅದನ್ನು ಹೀರಿ, ಫಿಲ್ಟರಿನ ಮೂಲಕ ಸೋಸಿ, ಬೇರಿಂಗುಗಳಿಗೂ ಮೇಲಿನ ವಾಲ್ವುಗಳಿಗೂ ತಲುಪಿಸುತ್ತದೆ. ಅಲ್ಲಿಂದ ಅದು ಇಳಿದು ಮತ್ತೆ ಚೇಂಬರಿಗೆ ಬರುತ್ತದೆ. ಚೇಂಬರಿನಲ್ಲಿ ನಿಂತ ಎಣ್ಣೆಗೂ ಅದರ ಮೇಲೆ ತಿರುಗುವ ಕ್ರ್ಯಾಂಕ್ ದಂಡಕ್ಕೂ ನಡುವೆ ಒಂದಿಷ್ಟು ಖಾಲಿ ಜಾಗ ಇರಲೇಬೇಕು. ಮೇಲಿನ ಗೆರೆ ಕಾಯುತ್ತಿರುವುದು ಆ ಖಾಲಿ ಜಾಗವನ್ನು.

ಎಣ್ಣೆ ಗೆರೆ ದಾಟಿದರೆ ಕ್ರ್ಯಾಂಕಿನ ತೂಕದ ಭಾಗಗಳು ಎಣ್ಣೆಯನ್ನು ಹೊಡೆಯತೊಡಗುತ್ತವೆ. ಹೆದ್ದಾರಿಯಲ್ಲಿ ಎಂಜಿನ್ನು ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುತ್ತಿದೆ ಎಂದುಕೊಳ್ಳಿ; ಅಂದರೆ ಸೆಕೆಂಡಿಗೆ ಐವತ್ತು ಸುತ್ತು. ಮನೆಯಲ್ಲಿ ಕಡೆಗೋಲಿನಿಂದ ಮಜ್ಜಿಗೆ ಕಡೆದಾಗ ನೊರೆ ಏಳುವುದನ್ನು ಎಲ್ಲರೂ ನೋಡಿದ್ದೀರಿ. ಇಲ್ಲಿ ಸೆಕೆಂಡಿಗೆ ಐವತ್ತು ಸಲ ಕಡೆಯುವ ಕಡೆಗೋಲು! ನೊರೆ ಏಳದಂತೆ ಎಣ್ಣೆಗೆ ರಾಸಾಯನಿಕ ಬೆರೆಸಿರುತ್ತಾರೆ, ನಿಜ. ಅದಕ್ಕೂ ಒಂದು ಮಿತಿ ಇದೆ.

ನೊರೆಯೆಂದರೆ ಅರ್ಧ ಎಣ್ಣೆ, ಅರ್ಧ ಗಾಳಿ. ಎಣ್ಣೆಯನ್ನು ಅದುಮಿದರೆ ಅದು ಅಷ್ಟು ಸುಲಭವಾಗಿ ಕುಗ್ಗುವುದಿಲ್ಲ. ಆದ್ದರಿಂದಲೇ ಬೇರಿಂಗಿನಲ್ಲಿ ಲೋಹಕ್ಕೆ ಲೋಹ ತಾಗದಂತೆ ತೆಳುವಾದ ಪೊರೆಯಾಗಿ ನಿಂತು ಭಾರ ಹೊರುತ್ತದೆ. ಗಾಳಿಯನ್ನು ಅದುಮಿದರೆ ಕುಗ್ಗಿಬಿಡುತ್ತದೆ. ಪಂಪು ನೊರೆಯನ್ನು ಹೀರಿದರೆ ಎಣ್ಣೆಯ ಒತ್ತಡ ಇಳಿಯುತ್ತದೆ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಮಿಣುಕುತ್ತದೆ, ಮೇಲೆ ಟಕಟಕ ಸದ್ದು ಕೇಳಿಸುತ್ತದೆ. ವಿಚಿತ್ರ ನೋಡಿ: ಎಣ್ಣೆ ಕಡಿಮೆಯಾದಾಗ ಆಗುವ ಅನಾಹುತವೇ ಎಣ್ಣೆ ಹೆಚ್ಚಾದಾಗಲೂ ಆಗುತ್ತದೆ. ನಮ್ಮ ಪುಣ್ಯಾತ್ಮರು ಅದೇ ಸದ್ದನ್ನು ಕೇಳಿ “ಎಣ್ಣೆ ಕಡಿಮೆಯಾಗಿದೆ” ಎಂದು ಇನ್ನರ್ಧ ಲೀಟರ್ ಸುರಿಯುತ್ತಾರೆ!

ಸೀಲು ಒಡೆಯುವ ಕಥೆ

ಇನ್ನು ಸೋರುವಿಕೆ. “ಎಣ್ಣೆ ಹೆಚ್ಚಾದರೆ ಒತ್ತಡ ಹೆಚ್ಚಾಗಿ ಸೀಲು ಒಡೆದುಹೋಗುತ್ತದೆ” ಎಂದು ಕೆಲವರು ಹೆದರಿಸುತ್ತಾರೆ. ನಾನು ಹೆಚ್ಚು ಎಣ್ಣೆಯ ವಿರೋಧಿಯಾದರೂ ನನ್ನ ಪಕ್ಷದವರ ಈ ಮಾತನ್ನು ಒಪ್ಪಲಾರೆ. ಪಂಪಿನ ಒತ್ತಡವನ್ನು ಮಿತಿಯಲ್ಲಿ ಇಡಲು ಅಲ್ಲೇ ಒಂದು ರಿಲೀಫ್ ವಾಲ್ವ್ ಇರುತ್ತದೆ. ಚೇಂಬರಿನಲ್ಲಿ ಅರ್ಧ ಲೀಟರ್ ಹೆಚ್ಚಾದ ಮಾತ್ರಕ್ಕೆ ಪಂಪಿನ ಒತ್ತಡ ಏರುವುದಿಲ್ಲ.

ನಡೆಯುವುದು ಬೇರೆ. ಪಿಸ್ಟನ್ನಿನ ರಿಂಗುಗಳನ್ನು ದಾಟಿ ಒಂದಿಷ್ಟು ಅನಿಲ ಯಾವಾಗಲೂ ಕೆಳಗೆ ಇಳಿಯುತ್ತಿರುತ್ತದೆ. ಎಂಜಿನ್ನು ಹಳೆಯದಾದಂತೆ ಹೆಚ್ಚು ಇಳಿಯುತ್ತದೆ. ಅದು ಹೊರಗೆ ಹೋಗಲೆಂದು ಬ್ರೀದರ್ ಪೈಪೊಂದಿದೆ. ಬಹಳಷ್ಟು ಪೆಟ್ರೋಲ್ ಕಾರುಗಳಲ್ಲಿ ಅದರ ಬಾಯಿಗೆ ಪಿ.ಸಿ.ವಿ. ಎಂಬ ಸಣ್ಣ ವಾಲ್ವೂ ಇರುತ್ತದೆ. ಇದು ಎಂಜಿನ್ನಿನ ಮೂಗು. ಕಡೆದ ಎಣ್ಣೆಯ ಹನಿಗಳು ಮಂಜಿನಂತೆ ಎದ್ದು ಈ ದಾರಿಯಿಂದಲೇ ಮೇಲೇರಿ ಗಾಳಿಯ ಜೊತೆ ಸಿಲಿಂಡರನ್ನು ಸೇರಿ ಉರಿಯುತ್ತವೆ. ಹಿಂದಿನ ಪೈಪಿನಲ್ಲಿ ನೀಲಿ ಹೊಗೆ ಕಾಣುತ್ತದೆ, ಪ್ಲಗ್ಗು ಕಪ್ಪಾಗುತ್ತದೆ, ಬಹಳ ದಿನ ಹೀಗೇ ಬಿಟ್ಟರೆ ಕ್ಯಾಟಲಿಟಿಕ್ ಕನ್ವರ್ಟರೂ ಕೆಡುತ್ತದೆ. ಹಳೆಯ ಕಾರಿನಲ್ಲಿ ಈ ಮೂಗು ಮೊದಲೇ ಕಟ್ಟಿಕೊಂಡಿದ್ದರೆ ಅನಿಲಕ್ಕೆ ಹೋಗಲು ದಾರಿಯಿಲ್ಲದೆ ಒಳಗೆ ಒತ್ತಡ ಕೂಡುತ್ತದೆ. ಸಾಮಾನ್ಯವಾಗಿ ಎಣ್ಣೆಯ ಮಟ್ಟಕ್ಕಿಂತ ಮೇಲಿರುವ ಕ್ರ್ಯಾಂಕಿನ ಸೀಲುಗಳ ಮೇಲೆ ಕಡೆದ ಎಣ್ಣೆ ಎಗರಿ ಬೀಳುತ್ತದೆ. ವರ್ಷಗಟ್ಟಲೆ ಬಿಸಿಯಲ್ಲಿ ಬೆಂದು ಗಟ್ಟಿಯಾದ ರಬ್ಬರು ಇದನ್ನು ತಡೆಯಲಾರದೆ ಸೋರುತ್ತದೆ. ಮೂಲ ರೋಗ ಒಂದು ಕಡೆ, ನೋವು ಕಾಣಿಸುವುದು ಇನ್ನೊಂದು ಕಡೆ.

ಹೆಚ್ಚಾಗುವುದು ಹೇಗೆ?

ಬೇಕೆಂದೇ ಹೆಚ್ಚು ಹಾಕಿಸುವವರು ಒಂದು ಪಾಲು. ಅರಿವಿಲ್ಲದೆ ಹಾಕಿಸಿಕೊಳ್ಳುವವರೇ ಹೆಚ್ಚು. ಇದಕ್ಕೆ ಮೂರು ದಾರಿಗಳು.

ಒಂದು, ಡಬ್ಬಿಯ ಲೆಕ್ಕ. ಸಣ್ಣ ಕಾರುಗಳ ಎಂಜಿನ್ನಿಗೆ ಬೇಕಾಗುವುದು ಸುಮಾರು ಮೂರು ಲೀಟರಿನ ಆಸುಪಾಸು. ಡಬ್ಬಿಗಳು ಬರುವುದು ಮೂರು, ಮೂರೂವರೆ, ನಾಲ್ಕು ಲೀಟರಿನಲ್ಲಿ. ಡಬ್ಬಿ ಒಡೆದ ಮೇಲೆ ಉಳಿದದ್ದನ್ನು ಏನು ಮಾಡುವುದು? “ಸುರಿದುಬಿಡು.” ದುಡ್ಡು ಕೊಟ್ಟ ನಾವೂ ಎದುರಿಗೆ ನಿಂತು ಕೊನೆಯ ಹನಿಯವರೆಗೆ ಸುರಿಸಿಕೊಳ್ಳುತ್ತೇವೆ.

ಎರಡು, ಫಿಲ್ಟರಿನ ಲೆಕ್ಕ. ಪುಸ್ತಕದಲ್ಲಿ ಎರಡು ಅಂಕಿಗಳಿರುತ್ತವೆ: ಫಿಲ್ಟರ್ ಬದಲಿಸಿದರೆ ಇಷ್ಟು, ಬದಲಿಸದಿದ್ದರೆ ಇಷ್ಟು. ಹಳೆಯ ಫಿಲ್ಟರನ್ನೇ ಬಿಟ್ಟು, ಬದಲಿಸಿದಾಗಿನ ಅಳತೆಯ ಎಣ್ಣೆ ಹಾಕಿದರೆ ಆ ವ್ಯತ್ಯಾಸವೆಲ್ಲ ಚೇಂಬರಿನಲ್ಲೇ ನಿಲ್ಲುತ್ತದೆ.

ಮೂರನೆಯದು, ಎಲ್ಲಕ್ಕಿಂತ ಸಾಮಾನ್ಯವಾದದ್ದು: ಹೊತ್ತಲ್ಲದ ಹೊತ್ತಿನಲ್ಲಿ ಕಡ್ಡಿ ನೋಡುವುದು. ಪೆಟ್ರೋಲ್ ಪಂಪಿನಲ್ಲಿ ಕಾರು ನಿಲ್ಲಿಸಿದ ಕೂಡಲೇ ಹುಡುಗ ಬಾನೆಟ್ ಎತ್ತಿ, ಕಡ್ಡಿ ಎಳೆದು, “ಸಾಹೇಬ್, ಅರ್ಧ ಲೀಟರ್ ಕಮ್ ಹೈ” ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿದ್ದಾನೆ ಎಂದಲ್ಲ. ಆ ಕ್ಷಣದಲ್ಲಿ ಎಣ್ಣೆಯ ಒಂದು ಪಾಲು ಇನ್ನೂ ಎಂಜಿನ್ನಿನ ಮೇಲ್ಭಾಗದಲ್ಲೇ ಇದೆ, ಕೆಳಗೆ ಇಳಿದಿಲ್ಲ. ಕಡ್ಡಿ ಕಡಿಮೆ ತೋರಿಸದೆ ಏನು ಮಾಡೀತು? ಅರ್ಧ ಲೀಟರ್ ಹಾಕಿಸಿ ಹತ್ತು ನಿಮಿಷ ಬಿಟ್ಟು ನೋಡಿ, ಗೆರೆ ಮುಳುಗಿರುತ್ತದೆ.

ಇಲ್ಲಿ ಇನ್ನೊಂದು ಸಣ್ಣ ಭೌತಶಾಸ್ತ್ರ. ಬಿಸಿಯಾದಾಗ ಎಣ್ಣೆ ಹಿಗ್ಗುತ್ತದೆ. ಮೂವತ್ತು ಡಿಗ್ರಿಯಿಂದ ನೂರು ಡಿಗ್ರಿಗೆ ಏರುವಾಗ ಹಿಗ್ಗುವುದು ನೂರಕ್ಕೆ ಸುಮಾರು ಐದರಷ್ಟು. ಮೂರು ಲೀಟರಿಗೆ ಸುಮಾರು ೧೫೦ ಮಿಲಿಲೀಟರ್. ಆದ್ದರಿಂದ ಒಂದು ದಿನ ತಣ್ಣಗಿರುವಾಗ, ಇನ್ನೊಂದು ದಿನ ಕೊತಕೊತ ಕುದಿಯುವಾಗ ನೋಡಿದರೆ ಲೆಕ್ಕ ತಾಳೆಯಾಗುವುದಿಲ್ಲ. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ. ಎಂಜಿನ್ನು ಬೆಚ್ಚಗಾದ ಮೇಲೆ ಆರಿಸಿ, ಐದು ಹತ್ತು ನಿಮಿಷ ಕಾಯಿರಿ. ಕಡ್ಡಿ ಎಳೆದು ಬಟ್ಟೆಯಿಂದ ಒರೆಸಿ, ಪೂರ್ತಿ ಒಳಗೆ ತಳ್ಳಿ, ಮತ್ತೆ ಎಳೆದು ನೋಡಿ. ನಿಮ್ಮ ಕಾರಿನ ಪುಸ್ತಕ ಬೇರೆ ರೀತಿ ಹೇಳಿದ್ದರೆ ಅದೇ ಪ್ರಮಾಣ. ಯಾವ ರೀತಿಯಾದರೂ ಸರಿ, ಪ್ರತಿ ಸಲವೂ ಅದೇ ರೀತಿ ಇರಲಿ.

ಎಂಟೂವರೆ ಸಾವಿರವೋ, ಆರುನೂರೈವತ್ತೋ?

ಮಾತು ಬರಿಯ ಸಿದ್ಧಾಂತವಾಗಬಾರದು. ಆಂಟಾಪ್ ಹಿಲ್ಲಿನ ನಮ್ಮ ಸರಕಾರಿ ವಸತಿಯಲ್ಲಿ ಗದಗಿನ ಕಡೆಯ ಮಿತ್ರರೊಬ್ಬರಿದ್ದಾರೆ. ಅವರದು ೨೦೦೯ರ ಸಣ್ಣ ಪೆಟ್ರೋಲ್ ಕಾರು. ಕಳೆದ ವರ್ಷ ಊರಿಗೆ ಹೊರಡುವ ಮೊದಲು ಎಣ್ಣೆ ಬದಲಿಸಿದರು. ಮೂರು ವಾರದಲ್ಲಿ ಕಾರಿನ ಕೆಳಗೆ ಚಹಾದ ಬಸಿಯಷ್ಟು ಅಗಲದ ಕಲೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ನೀಲಿ ಹೊಗೆ. ಗ್ಯಾರೇಜಿನವರು ಕೆಳಗೆ ಬಗ್ಗಿ ನೋಡಿ ತೀರ್ಪು ಕೊಟ್ಟರು: “ಹಿಂದಿನ ಆಯಿಲ್ ಸೀಲ್ ಹೋಗಿದೆ. ಗೇರ್‌ಬಾಕ್ಸ್ ಇಳಿಸಬೇಕು. ಎಂಟೂವರೆ ಸಾವಿರ.” ಅವರು ಕಡ್ಡಿ ಎಳೆದು ನೋಡಲೇ ಇಲ್ಲ. ಮಿತ್ರರು ಎರಡು ಸಾವಿರ ಮುಂಗಡ ಕೊಟ್ಟು ಬಂದಿದ್ದರು.

ಭಾನುವಾರ ನಾವಿಬ್ಬರೂ ಕಡ್ಡಿ ಎಳೆದು ಶಾಲೆಯ ಹುಡುಗನ ಸ್ಕೇಲು ಹಿಡಿದೆವು. ಎರಡು ಗೆರೆಗಳ ನಡುವೆ ಹತ್ತೊಂಬತ್ತು ಮಿಲಿಮೀಟರ್. ಪುಸ್ತಕದ ಪ್ರಕಾರ ಆ ಅಂತರಕ್ಕೆ ಒಂದು ಲೀಟರ್. ಎಣ್ಣೆ ನಿಂತದ್ದು ಮೇಲಿನ ಗೆರೆಗಿಂತ ಹನ್ನೆರಡು ಮಿಲಿಮೀಟರ್ ಮೇಲೆ. ತ್ರೈರಾಶಿ ಹಾಕಿದರೆ ಸುಮಾರು ೬೩೦ ಮಿಲಿಲೀಟರ್ ಹೆಚ್ಚು. ಗ್ಯಾರೇಜಿನ ಬಿಲ್ಲು ತೆಗೆದು ನೋಡಿದೆವು: ಎಣ್ಣೆ ಮೂರೂವರೆ ಲೀಟರ್; ಫಿಲ್ಟರಿನ ಹೆಸರೇ ಇಲ್ಲ. ಫಿಲ್ಟರ್ ಬದಲಿಸದಿದ್ದರೆ ೨.೮ ಲೀಟರ್ ಸಾಕೆಂದು ಪುಸ್ತಕ ಹೇಳುತ್ತದೆ. ಏಳುನೂರು ಮಿಲಿಲೀಟರ್ ಹೆಚ್ಚು ಹಾಕಿದ್ದು. ಮೂರು ವಾರದಲ್ಲಿ ಎಪ್ಪತ್ತರಷ್ಟು ಸೋರಿಯೋ ಉರಿದೋ ಹೋಗಿತ್ತು. ಬಿಲ್ಲಿನ ಲೆಕ್ಕ, ಕಡ್ಡಿಯ ಲೆಕ್ಕ ಎರಡೂ ತಾಳೆಯಾದವು.

ದೊಡ್ಡ ಸಿರಿಂಜಿಗೆ ಸಣ್ಣ ಪ್ಲಾಸ್ಟಿಕ್ ನಳಿಗೆ ಸಿಕ್ಕಿಸಿ, ಕಡ್ಡಿಯ ತೂತಿನಿಂದಲೇ ಹೆಚ್ಚುವರಿ ಎಣ್ಣೆಯನ್ನು ಹೀರಿ ಬಾಟಲಿಗೆ ತುಂಬಿದೆವು. ಬೇರೊಬ್ಬ ಮಿಸ್ತ್ರಿಯಿಂದ ಬ್ರೀದರ್ ಬಿಚ್ಚಿಸಿದಾಗ ಅದು ಕಪ್ಪು ಜಿಡ್ಡಿನಿಂದ ಕಟ್ಟಿಹೋಗಿತ್ತು, ತೊಳೆಸಿದೆವು. ಒಂದು ವಾರದಲ್ಲಿ ಹೊಗೆ ನಿಂತಿತು. ಕೆಳಗೆ ಹಾಸಿದ ಪತ್ರಿಕೆಯ ಮೇಲಿನ ಬಸಿಯಗಲದ ಕಲೆ ಎರಡು ಹನಿಗೆ ಇಳಿಯಿತು. ಆ ಎರಡು ಹನಿ ಬರುತ್ತಿದ್ದುದು ಮೇಲಿನ ಟ್ಯಾಪೆಟ್ ಕವರಿನ ಗಟ್ಟಿಯಾದ ಪ್ಯಾಕಿಂಗಿನಿಂದ. ಪ್ಯಾಕಿಂಗು, ಕೂಲಿ ಎಲ್ಲ ಸೇರಿ ಆರುನೂರೈವತ್ತು ರೂಪಾಯಿ. ಹಿಂದಿನ ಸೀಲು ಇಂದಿಗೂ ಹಾಗೆಯೇ ಇದೆ. ಮುಂಗಡದ ಎರಡು ಸಾವಿರ ಮಾತ್ರ ಮರಳಿ ಬರಲಿಲ್ಲ.

ಪ್ರತಿ ಕಾರಿನ ಕಥೆಯೂ ಹೀಗೆ ಸುಖಾಂತವಾಗುತ್ತದೆ ಎಂದು ನಾನು ಹೇಳುವುದಿಲ್ಲ. ನಿಜವಾಗಿಯೂ ಹಿಂದಿನ ಸೀಲು ಹೋಗಿರುವ ಕಾರುಗಳಿವೆ. ಆಗ ಗೇರ್‌ಬಾಕ್ಸ್ ಇಳಿಸದೆ ಗತ್ಯಂತರವಿಲ್ಲ. ನನ್ನ ಆಕ್ಷೇಪ ಆ ಖರ್ಚಿಗಲ್ಲ, ಅಳೆಯದೆ ಕೊಡುವ ತೀರ್ಪಿಗೆ. ಯಾವ ವೈದ್ಯರೂ ನಾಡಿ ನೋಡದೆ ಹೊಟ್ಟೆ ಕೊಯ್ಯುವುದಿಲ್ಲ.

“ಹಳೆಯ ಗಾಡಿ ಸೋರುವುದೇ”

ಈಗ ಎರಡನೆಯ ನಂಬಿಕೆಗೆ ಬರೋಣ. ಹಳೆಯ ಗಾಡಿ ಸೋರುವುದು ಸಹಜವೆಂಬ ಮಾತು ವೇದಾಂತದಂತೆ ಕೇಳಿಸುತ್ತದೆ. ವಾಸ್ತವದಲ್ಲಿ ಅದು ಸೋಮಾರಿತನ. ಎಣ್ಣೆ ತಾನಾಗಿ ಕಬ್ಬಿಣವನ್ನು ತೂರಿ ಬರುವುದಿಲ್ಲ. ಅದಕ್ಕೊಂದು ಬಾಗಿಲು ಇರಲೇಬೇಕು, ಬಾಗಿಲುಗಳ ಪಟ್ಟಿ ದೊಡ್ಡದೂ ಅಲ್ಲ: ಟ್ಯಾಪೆಟ್ ಕವರಿನ ಪ್ಯಾಕಿಂಗು, ಡಿಸ್ಟ್ರಿಬ್ಯೂಟರ್ ಇರುವ ಕಾರಾದರೆ ಅದರ ಬುಡದ ರಬ್ಬರ್ ರಿಂಗು, ಎಣ್ಣೆಯ ಒತ್ತಡದ ಸ್ವಿಚ್ಚು, ಫಿಲ್ಟರಿನ ಬುಡ, ಚೇಂಬರಿನ ಪ್ಯಾಕಿಂಗು, ಡ್ರೇನ್ ನಟ್ಟಿನ ವಾಷರು, ಕ್ರ್ಯಾಂಕಿನ ಮುಂದಿನ ಮತ್ತು ಹಿಂದಿನ ಸೀಲು. ಇವುಗಳಲ್ಲಿ ಹೆಚ್ಚಿನವು ಅಗ್ಗದವು, ಸುಲಭವಾಗಿ ಕೈಗೆಟಕುವಂಥವು. ಕೊನೆಯದೊಂದೇ ದುಬಾರಿ. ಅದನ್ನೇ ಮೊದಲು ಏಕೆ ಹೇಳುತ್ತಾರೆ ಎಂಬುದನ್ನು ಓದುಗರೇ ಯೋಚಿಸಬೇಕು.

ಹುಡುಕುವ ಕ್ರಮ ಹೀಗೆ. ಎಣ್ಣೆ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಕಾರು ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಆದ್ದರಿಂದ ಹನಿ ಬಿದ್ದ ಜಾಗದ ನೇರ ಮೇಲೆ ತೂತು ಇರಬೇಕೆಂದಿಲ್ಲ. ಎಂಜಿನ್ನಿನ ಹೊರಮೈಯನ್ನು ಒಮ್ಮೆ ಚೆನ್ನಾಗಿ ತೊಳೆಸಿ ಒಣಗಿಸಿ, ಅನುಮಾನವಿದ್ದ ಕಡೆ ಮುಖಕ್ಕೆ ಹಚ್ಚುವ ಪೌಡರ್ ತೆಳುವಾಗಿ ಉದುರಿಸಿ, ಇಪ್ಪತ್ತು ಕಿಲೋಮೀಟರ್ ಓಡಿಸಿ ಬನ್ನಿ. ಅತ್ಯಂತ ಮೇಲೆ, ಅತ್ಯಂತ ಮುಂದೆ ಎಲ್ಲಿ ಒದ್ದೆಯಾಗಿದೆಯೋ ಅಲ್ಲೇ ಬಾಗಿಲು. ರಾತ್ರಿ ಕಾರಿನ ಕೆಳಗೆ ರಟ್ಟು ಹಾಸಿ, ನಾಲ್ಕು ಗಾಲಿಗಳ ಗುರುತು ಹಾಕಿಡಿ. ಬೆಳಿಗ್ಗೆ ಎಲ್ಲಿ, ಎಷ್ಟು, ಯಾವ ಬಣ್ಣ ಎಂಬುದೆಲ್ಲ ತಿಳಿಯುತ್ತದೆ. ಕಂದು ಅಥವಾ ಕಪ್ಪಾಗಿದ್ದರೆ ಎಂಜಿನ್ನಿನ ಎಣ್ಣೆ ಇರಬಹುದು, ಹಸಿರು ಅಥವಾ ಕೆಂಪು ನೀರಾದರೆ ರೇಡಿಯೇಟರಿನದು, ತಿಳಿನೀರಾದರೆ ಎ.ಸಿ.ಯದು, ಚಿಂತೆಯಿಲ್ಲ. ಗಾಲಿಯ ಹತ್ತಿರ ಒದ್ದೆ ಕಂಡರೆ ಅದು ಬ್ರೇಕಿನ ದ್ರವವಿರಬಹುದು. ಆಗ ಕಾರನ್ನು ಕದಲಿಸಬೇಡಿ, ಮಿಸ್ತ್ರಿಯನ್ನೇ ಕರೆಸಿ.

ಈ ಶ್ರಮ ಬೇಡವೆನ್ನುವವರಿಗೆ ಇಬ್ಬರು ಸಲಹೆಗಾರರು ಸಿದ್ಧವಾಗಿದ್ದಾರೆ. ಒಬ್ಬರು “ದಪ್ಪ ಎಣ್ಣೆ ಹಾಕಿ” ಎನ್ನುತ್ತಾರೆ. ದಪ್ಪ ಎಣ್ಣೆ ಸೋರುವುದು ನಿಧಾನ, ನಿಜ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬೇರಿಂಗು ತಲುಪುವುದೂ ಅಷ್ಟೇ ನಿಧಾನ. ಪುಸ್ತಕದಲ್ಲಿ ಒಪ್ಪಿದ ದರ್ಜೆಗಳೊಳಗೆ ತುಸು ದಪ್ಪದ್ದನ್ನು ಆರಿಸಿಕೊಳ್ಳಿ, ತಪ್ಪಿಲ್ಲ, ಅದರಾಚೆಗೆ ಹೋಗಬೇಡಿ. ಇನ್ನೊಬ್ಬರು ಸೋರಿಕೆ ನಿಲ್ಲಿಸುವ ಔಷಧಿಯ ಶೀಶೆ ಕೊಡುತ್ತಾರೆ. ಗಟ್ಟಿಯಾದ ರಬ್ಬರನ್ನು ತುಸು ಮೆದುಗೊಳಿಸಿ ಉಬ್ಬಿಸುವುದಷ್ಟೇ ಅದರ ಕೆಲಸ. ಹರಿದ ಪ್ಯಾಕಿಂಗನ್ನು ಹೊಲಿಯುವ ಶಕ್ತಿ ಅದಕ್ಕಿಲ್ಲ. ಅಳತೆ ಸರಿಪಡಿಸದೆ ಇವೆರಡನ್ನೂ ಮಾಡುವುದೆಂದರೆ ನಲ್ಲಿ ನಿಲ್ಲಿಸದೆ ನೆಲ ಒರೆಸಿದಂತೆ.

ಇನ್ನೊಂದು ಎಚ್ಚರಿಕೆ. ಯಾರೂ ಹಾಕದೆ ಎಣ್ಣೆಯ ಮಟ್ಟ ತಾನಾಗಿ ಏರಿದ್ದರೆ ಹೆಚ್ಚುವರಿಯನ್ನು ತೆಗೆದು ಸುಮ್ಮನಾಗಬೇಡಿ. ಕಡ್ಡಿಯಲ್ಲಿ ಪೆಟ್ರೋಲ್ ವಾಸನೆ ಬಂದರೆ ಇಂಧನ ಒಳಗೆ ಸೇರುತ್ತಿದೆ; ಹಳೆಯ ಕಾರ್ಬ್ಯುರೇಟರ್ ಕಾರುಗಳಲ್ಲಿ ಪಂಪಿನ ಪೊರೆ ಹರಿದರೆ ಹೀಗಾಗುತ್ತದೆ. ಎಣ್ಣೆ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ರೇಡಿಯೇಟರಿನ ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಪ್ಯಾಕಿಂಗಿನ ಅನುಮಾನ. ಅಂಥ ಕಾರಿನಲ್ಲಿ ಊರಿಗೆ ಹೊರಡಲೇಬೇಡಿ. ಬರಿಯ ಮುಚ್ಚಳದ ಕೆಳಗೆ ತುಸು ಬಿಳಿ ಜಿಡ್ಡು ಕಂಡರೆ ಅದು ಹತ್ತಿರದ ಓಡಾಟದಿಂದ ಒಳಗೆ ನಿಂತ ತೇವವೂ ಇರಬಹುದು.

ಎದುರು ವಾದಗಳಿಗೆ ಉತ್ತರ

ಈ ವಿಷಯ ಹಿಂದೊಮ್ಮೆ ಮಿತ್ರರ ನಡುವೆ ಚರ್ಚೆಗೆ ಬಂದಾಗ ನನಗೆ ಎದುರಾದ ವಾದಗಳನ್ನು ಇಲ್ಲಿ ಮರೆಮಾಚುವುದಿಲ್ಲ.

“ಹಳೆಯ ಎಂಜಿನ್ನು ಎಣ್ಣೆ ತಿನ್ನುತ್ತದೆ. ದಾರಿಯಲ್ಲಿ ಕಡಿಮೆಯಾಗದಿರಲೆಂದು ಮೊದಲೇ ಹೆಚ್ಚು ಹಾಕುತ್ತೇವೆ” ಎಂದರು ಹಿರಿಯರೊಬ್ಬರು. ಇದು ತೂಕದ ವಾದ. ಆದರೆ ಎರಡು ಗೆರೆಗಳ ನಡುವಿನ ಆ ಒಂದು ಲೀಟರೇ ಮೀಸಲು ನಿಧಿಯಲ್ಲವೇ? ಅದಕ್ಕೂ ಮೇಲೆ ಬೇಕೆಂದರೆ ಒಂದು ಲೀಟರಿನ ಡಬ್ಬಿ ಡಿಕ್ಕಿಯಲ್ಲಿ ಇರಲಿ. ಐನೂರು ಕಿಲೋಮೀಟರಿಗೊಮ್ಮೆ ಕಡ್ಡಿ ನೋಡಿ, ಬೇಕಾದಷ್ಟೇ ಹಾಕಿ. ಹೆಚ್ಚುವರಿ ಎಣ್ಣೆ ಡಿಕ್ಕಿಯಲ್ಲಿದ್ದರೆ ಆಪದ್ಧನ, ಚೇಂಬರಿನಲ್ಲಿದ್ದರೆ ಆಪತ್ತು.

“ಮೂವತ್ತು ವರ್ಷ ಕೈ ಕಪ್ಪು ಮಾಡಿಕೊಂಡ ಮಿಸ್ತ್ರಿಗೆ ನೀವು ಪಾಠ ಹೇಳುತ್ತೀರಾ?” ಎಂದರು ಇನ್ನೊಬ್ಬರು. ಮಿಸ್ತ್ರಿಗಳ ಕೈಗುಣದ ಬಗ್ಗೆ ನನಗೆ ಗೌರವವಿದೆ. ಮಿತ್ರರ ಕಾರನ್ನು ಸರಿಪಡಿಸಿದವರೂ ಒಬ್ಬ ಮಿಸ್ತ್ರಿಯೇ. ಆದರೆ ಅನುಭವ ಅಳತೆಗೆ ಬದಲಿಯಲ್ಲ. ಅನುಭವಿಯಾದ ಅಕ್ಕಸಾಲಿಗನೂ ತಕ್ಕಡಿ ಬಿಡುವುದಿಲ್ಲ. ಬಿಟ್ಟರೆ ನಾವು ಆ ಅಂಗಡಿಗೆ ಹೋಗುವುದಿಲ್ಲ.

“ಅಷ್ಟಿಷ್ಟು ಹೆಚ್ಚಾದರೆ ಏನೂ ಆಗುವುದಿಲ್ಲ” ಎಂಬುದು ಮೂರನೆಯ ವಾದ. ಒಂದೆರಡು ಮಿಲಿಮೀಟರ್ ದಾಟಿದ್ದರೆ ಏನೂ ಆಗುವುದಿಲ್ಲ, ಒಪ್ಪಿದೆ. ಅದಕ್ಕಾಗಿ ನಿದ್ದೆಗೆಡಬೇಡಿ. ಅರ್ಧ ಲೀಟರಿನಷ್ಟು ದಾಟಿದ್ದರೆ ಮಾತ್ರ ತೆಗೆಸದೆ ಓಡಿಸಬೇಡಿ. ಸಿರಿಂಜಿನಿಂದ ಆಗದಿದ್ದರೆ ಡ್ರೇನ್ ನಟ್ಟನ್ನು ಸಡಿಲಿಸಿ ಬೇಕಾದಷ್ಟು ಇಳಿಸಬಹುದು; ಎಣ್ಣೆ ಕುದಿಯುವಷ್ಟು ಬಿಸಿ ಇರಬಾರದು, ಬರಿಯ ಜ್ಯಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರೂ ನುಸುಳಬಾರದು. ಅಭ್ಯಾಸವಿಲ್ಲದವರು ಇದನ್ನು ಗ್ಯಾರೇಜಿಗೇ ಬಿಡುವುದು ಲೇಸು.

ಇದು ನನ್ನ ಕಾರು, ನನ್ನ ದುಡ್ಡು ಎನ್ನುವವರಿಗೆ ಕೊನೆಯ ಮಾತು. ಸೋರಿದ ಎಣ್ಣೆ ನಿಮ್ಮ ಮನೆಯಲ್ಲಿ ನಿಲ್ಲುವುದಿಲ್ಲ. ಮುಂಬಯಿಯಲ್ಲಿ ಜೂನ್ ತಿಂಗಳ ಮೊದಲ ಮಳೆ ಬಿದ್ದ ದಿನ ಮೋಟಾರ್ ಸೈಕಲ್ಲುಗಳು ಜಾರುವುದನ್ನು ಕಂಡಿದ್ದೀರಿ. ತಿಂಗಳುಗಟ್ಟಲೆ ರಸ್ತೆಯ ಮೇಲೆ ಬಿದ್ದ ಎಣ್ಣೆ ಮಳೆನೀರಿನ ಮೇಲೆ ತೇಲಿ ಬರುವ ದಿನ ಅದು. ಹಿಂದೆ ಬರುವ ಹುಡುಗ ಯಾರ ಮಗನೋ. ಇಳಿಸಿದ ಹಳೆಯ ಎಣ್ಣೆಯನ್ನು ಗಟಾರಕ್ಕೆ ಸುರಿಯುವುದಂತೂ ಅಪರಾಧವೇ. ಬಳಸಿದ ಎಣ್ಣೆಯನ್ನು ೨೦೧೬ರ ಕೇಂದ್ರ ಸರಕಾರದ ನಿಯಮಗಳು ಅಪಾಯಕಾರಿ ತ್ಯಾಜ್ಯದ ಸಾಲಿಗೆ ಸೇರಿಸಿವೆ. ಡಬ್ಬಿಗೆ ತುಂಬಿ, ಹಳೆಯ ಎಣ್ಣೆಯನ್ನು ಸಂಗ್ರಹಿಸಿ ಮರುಸಂಸ್ಕರಣಕ್ಕೆ ಕಳಿಸುವ ಗ್ಯಾರೇಜಿಗೆ ಕೊಡಿ.

ಹಳೆಯ ಕಾರು ಇಟ್ಟುಕೊಂಡವರನ್ನು ಕಾಲ ಹೇಗೂ ಹಿಂಡುತ್ತಿದೆ. ೧೯೮೩ರ ಡಿಸೆಂಬರಿನಲ್ಲಿ ರಸ್ತೆಗಿಳಿದು ನಮ್ಮಂಥವರಿಗೂ ಕಾರಿನ ಯೋಗ ತಂದ ಮಾರುತಿ ೮೦೦ರ ತಯಾರಿಕೆ ೨೦೧೪ರ ಜನವರಿಯಲ್ಲಿ ನಿಂತಿತು. ಮುಂಬಯಿಯ ಗುರುತಾಗಿದ್ದ ಪದ್ಮಿನಿ ಟ್ಯಾಕ್ಸಿ ೨೦೨೩ರ ಅಕ್ಟೋಬರಿನಲ್ಲಿ ಕಣ್ಮರೆಯಾಯಿತು. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ ೨೦೨೨ರ ಏಪ್ರಿಲ್ ೧ರಂದು ಆರುನೂರು ರೂಪಾಯಿಯಿಂದ ಒಮ್ಮೆಗೇ ಐದು ಸಾವಿರಕ್ಕೆ ಏರಿತು. ಶುಲ್ಕ ನಮ್ಮ ಕೈಯಲ್ಲಿಲ್ಲ, ಕಾರಿನ ವಯಸ್ಸೂ ನಮ್ಮ ಕೈಯಲ್ಲಿಲ್ಲ. ಕಡ್ಡಿ ಮಾತ್ರ ನಮ್ಮ ಕೈಯಲ್ಲಿದೆ. ಪುಕ್ಕಟೆಯಾಗಿ ಸಿಕ್ಕ ಆ ಒಂದು ಅಸ್ತ್ರವನ್ನೂ ಬಳಸದೆ, ಹೊಗೆ ಕಾರುವ, ಸೋರುವ ಗಾಡಿಗಳನ್ನು ಓಡಿಸಿ, “ಹಳೆಯ ಕಾರುಗಳೆಲ್ಲ ಗುಜರಿಗೆ ಹೋಗಲಿ” ಎನ್ನುವವರ ಬಾಯಿಗೆ ನಾವೇ ಮಾತು ಹಾಕಿಕೊಡುತ್ತಿದ್ದೇವೆ.

ಆದ್ದರಿಂದ ಓದುಗ ಬಂಧುಗಳಲ್ಲಿ ನನ್ನ ಬೇಡಿಕೆಗಳು ಮೂರೇ. ಗ್ಯಾರೇಜಿನಲ್ಲಿ “ಹೆಚ್ಚಿಗೇ ಹಾಕಿ” ಎನ್ನಬೇಡಿ. “ಗೆರೆಯವರೆಗೆ ಹಾಕಿ, ಉಳಿದದ್ದನ್ನು ಡಬ್ಬಿಯಲ್ಲೇ ಕೊಡಿ” ಎನ್ನಿ. ಬಿಲ್ಲಿನಲ್ಲಿ ಎಷ್ಟು ಲೀಟರ್ ಹಾಕಿದರು, ಫಿಲ್ಟರ್ ಬದಲಿಸಿದರೋ ಇಲ್ಲವೋ ಎಂಬುದನ್ನು ಬರೆಸಿಕೊಳ್ಳಿ. ಸೋರಿಕೆಗೆ ಯಾರೇ ಸಾವಿರಗಳ ಲೆಕ್ಕ ಹೇಳಿದರೂ ಮೊದಲು ಕಡ್ಡಿ ಎಳೆಸಿ, ಬ್ರೀದರ್ ನೋಡಿಸಿ, ಎಂಜಿನ್ನು ತೊಳೆಸಿ. ಆಮೇಲೆ ದುಡ್ಡಿನ ಮಾತು. ಸಂಘದ ಪದಾಧಿಕಾರಿಗಳಿಗೂ ಒಂದು ಕೋರಿಕೆ: ಊರಿನ ಪ್ರಯಾಣದ ಕಾಲ ಬರುವ ಮೊದಲು ಒಂದು ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ನಾಲ್ಕು ಕಾರು ನಿಲ್ಲಿಸಿ, ತಿಳಿದ ಮಿಸ್ತ್ರಿಯೊಬ್ಬರನ್ನು ಕರೆಸಿ, ಕಡ್ಡಿ ನೋಡುವುದನ್ನು ಎಲ್ಲರಿಗೂ, ಮುಖ್ಯವಾಗಿ ಹೊಸದಾಗಿ ಕಾರು ಕಲಿತ ನಮ್ಮ ಹೆಣ್ಣುಮಕ್ಕಳಿಗೂ ಹುಡುಗರಿಗೂ, ತೋರಿಸಿಕೊಡಿ. ಖರ್ಚು ಒಂದು ಹಳೆಯ ಬಟ್ಟೆಯದ್ದಷ್ಟೆ.

ಎಚ್ಚರದಿಂದ ಕಾಯುವುದಕ್ಕೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಎನ್ನುತ್ತೇವೆ. ಹೆಚ್ಚಾದ ಆ ಅರ್ಧ ಲೀಟರನ್ನು ಎಂಜಿನ್ನಿಗೆ ಸುರಿಯುವ ಬದಲು ಒಂದೆರಡು ಹನಿ ನಮ್ಮ ಕಣ್ಣಿಗೆ ಬಿಟ್ಟುಕೊಂಡರೆ ಸಾಕು.